ಬಾಗಿಲಲ್ಲೇ ಕೊಟ್ಟ ತಾಂಬೂಲ

ಭಾನುವಾರ ಮಗಳ ನಿಶ್ಚಿತಾರ್ಥ ಮುಗಿಯಿತು. ಸೋಮವಾರ ಬೆಳಿಗ್ಗೆ ತಟ್ಟೆಗಳನ್ನು ಒರೆಸಿ ಎತ್ತಿಡುತ್ತಿದ್ದಾಗ ಒಂದರಲ್ಲಿ ಒಂದು ಕೊಬ್ಬರಿ ಗಿಟುಕು ಉಳಿದಿತ್ತು. ತುಮಕೂರಿನ ಕೊಬ್ಬರಿ ವ್ಯಾಪಾರಿಯ ಮಗಳಾದ ನನಗೆ ಅದನ್ನು ಮೂಸಿ ನೋಡಬೇಕಾಗಿಯೇ ಇಲ್ಲ. ವಾಸನೆ ತಾನಾಗಿಯೇ ಮೂಗಿಗೆ ಬಂತು. ಅದರ ಹಿಂದೆಯೇ ನೆನಪಿನಲ್ಲಿ ಅಬ್ಬಾ ಬಂದರು, ಹೆಗಲ ಮೇಲೆ ಟವೆಲ್ಲು, ಮುಖದಲ್ಲಿ ಅದೇ ಹಟ.

ಆ ಹಟದ ಕಥೆ ನಿಮಗೆ ಹೇಳಲೇಬೇಕು. ನನ್ನ ನಿಶ್ಚಿತಾರ್ಥವಾದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಕುಣಿಗಲ್ಲಿನ ಹುಡುಗನ ಜೊತೆ. ಮಾರನೆಯ ದಿನದಿಂದಲೇ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಿಂತೆ. ಅಮ್ಮಿಗೆ ರಂಜಾನ್ ಬರುವುದರೊಳಗೆ ದಿನ ಗೊತ್ತುಮಾಡಿ ಶಾದಿಮಹಲ್ ಹಿಡಿಯಬೇಕು. ನನಗೆ ಮದುವೆಯ ವಿಡಿಯೋ ಬೇಕು, ಅದರಲ್ಲಿ ನನ್ನ ಮುಖದ ಸುತ್ತ ಗುಲಾಬಿ ಹೂಗಳು ಗಿರಗಿರನೆ ತಿರುಗಬೇಕು. ನಗಬೇಡಿ, ಆಗ ಎಲ್ಲ ಹುಡುಗಿಯರಿಗೂ ಅದೇ ಬೇಕಿತ್ತು. ಅಬ್ಬಾ ಮಾತ್ರ ನಮ್ಮಿಬ್ಬರ ಕಡೆಗೂ ತಿರುಗಿ ನೋಡಲಿಲ್ಲ.

"ಮೊದ್ಲು ವೆಜ್ ಅಡುಗೆ ಮಾಡೋರು ಸಿಗ್ಲಿ. ದಿನ ಗಿನ ಎಲ್ಲಾ ಆಮೇಲೆ" ಅಂದರು.

ಮನೆಯೊಳಗೆ ನಾವಾಡುವುದು ಉರ್ದು; ಆದರೆ ಅಬ್ಬಾ ಹಟಕ್ಕೆ ಬಿದ್ದಾಗ ಕೊಬ್ಬರಿ ಮಂಡಿಯ ಕನ್ನಡವೇ ಬಾಯಿಗೆ ಬರುತ್ತಿತ್ತು. "ಬಿರಿಯಾನಿಗೆ ಜನ ನೋಡೋದು ಬಿಟ್ಟು ಸಾರಿನ ಹಿಂದೆ ಬಿದ್ದವ್ರೆ ನಿಮ್ಮಪ್ಪ" ಎಂದು ಅಮ್ಮಿ ಹಣೆ ಚಚ್ಚಿಕೊಂಡರು.

ಇಷ್ಟಕ್ಕೂ ಕಾರಣ ಗುಬ್ಬಿಯ ಶಿವಣ್ಣ ಮಾಮ. ತೆಂಗಿನ ತೋಟದವರು, ಅಬ್ಬಾಗೆ ಕೊಬ್ಬರಿ ಹಾಕುತ್ತಿದ್ದವರು, ಆಮೇಲೆ ವ್ಯಾಪಾರ ಮೀರಿದ ಗೆಳೆಯ. ಅವರ ಮನೆಯ ಗೃಹಪ್ರವೇಶ, ನಾಮಕರಣ, ಯಾವುದಕ್ಕೆ ಹೋದರೂ ಅಬ್ಬಾ ಮೊದಲ ಪಂಕ್ತಿಯಲ್ಲಿ ಕೂತು ಉಂಡು ಬರುತ್ತಿದ್ದರು. ಅವರ ಮನೆಯಲ್ಲಿ ಮಾಂಸ ಬೇಯುವುದಿಲ್ಲ. ಹಾಗಾಗಿ ನನ್ನ ಅಕ್ಕನ ಮದುವೆಗೆ ಮಾಮ ಮತ್ತು ಅವರ ಹೆಂಡತಿ ಗೌರತ್ತೆ ಬಂದಾಗ, ಅವರಿಗೆ ಮುಜುಗರವಾಗಬಾರದೆಂದು ಅಬ್ಬಾ ತಾವೇ ಬಾಗಿಲಿಗೆ ಹೋಗಿ ಕಾಯಿ, ಬಾಳೆಹಣ್ಣು, ವೀಳ್ಯದೆಲೆಯ ಚೀಲ ಕೊಟ್ಟು ಕೈಮುಗಿದರು. ಹಿಂದೂಗಳ ರಿವಾಜು ಇಷ್ಟು ಚೆನ್ನಾಗಿ ತಿಳಿದವನು ಪೇಟೆಯಲ್ಲೇ ಇಲ್ಲವೆಂದು ಅವರಿಗೊಂದು ಸಣ್ಣ ಜಂಬವೂ ಇತ್ತು. ಊಟದ ಹೊತ್ತಿಗೆ ಗೆಳೆಯ ಹೊರಟುಹೋದದ್ದು ಮಾತ್ರ ಮನಸ್ಸಿನಲ್ಲೇ ಉಳಿದುಬಿಟ್ಟಿತು. ಈ ಮದುವೆಯಲ್ಲಿ ಶಿವಣ್ಣ ಉಂಡೇ ಹೋಗಬೇಕು ಎಂದು ನಿಶ್ಚಯಿಸಿಬಿಟ್ಟರು.

ಅಡುಗೆಯವರ ಹುಡುಕಾಟ ಹುಲಿಯೂರುದುರ್ಗದವರೆಗೂ ಹೋಯಿತು. ಎಲ್ಲರೂ ಮೊದಲು ಒಪ್ಪುತ್ತಿದ್ದರು. ಮದುವೆ ಯಾರದು ಎಂದು ತಿಳಿದ ಮೇಲೆ ಒಬ್ಬರಿಗೆ ಬೇರೆ ಮದುವೆ ನೆನಪಾಗುತ್ತಿತ್ತು, ಇನ್ನೊಬ್ಬರಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಇತ್ತ ದಿನ ಗೊತ್ತಾಗದೆ ಕುಣಿಗಲ್ಲಿನವರಿಗೆ ಅನುಮಾನ ಶುರುವಾಯಿತು. "ಹುಡುಗಿಗೆ ಇಷ್ಟ ಇಲ್ವಾ?" ಎಂದು ಹೇಳಿಕಳಿಸಿದರು. ಹುಡುಗಿಗೆ ಬಹಳ ಇಷ್ಟವಿತ್ತು. ನನಗೆ ನಿಜಕ್ಕೂ ಭಯವಾಯಿತು.

"ಅಬ್ಬಾ, ಊಟ ಮಾಡ್ತೀರಾ ಅಂತ ಶಿವಣ್ಣ ಮಾಮನ್ನೇ ಕೇಳಿದೀರಾ?"

"ಅದ್ನ ಹೆಂಗಮ್ಮಾ ಕೇಳೋದು? ಇಲ್ಲ ಅನ್ನಕ್ಕೆ ಅವ್ನಿಗೂ ಕಷ್ಟ, ಕೇಳಿಸ್ಕೊಳಕ್ಕೆ ನನಗೂ ಕಷ್ಟ."

ಹರಾಜಿನಲ್ಲಿ ಇಡೀ ಮಂಡಿಯನ್ನೇ ಎದುರಿಸುವ ಮನುಷ್ಯ! "ಹಾಗಾದ್ರೆ ನಾನೇ ಕೇಳ್ತೀನಿ" ಎಂದು ಚಪ್ಪಲಿ ಮೆಟ್ಟಿದೆ. ನಿಶ್ಚಿತಾರ್ಥವಾದ ಹುಡುಗಿ ಬಸ್ಸು ಹತ್ತಿ ಊರೂರು ತಿರುಗುವುದೇ ಎಂದು ಅಮ್ಮಿ ಕೂಗುತ್ತಲೇ ಇದ್ದರು. ಅಬ್ಬಾ ಟವೆಲ್ಲು ಹೆಗಲಿಗೆ ಹಾಕಿಕೊಂಡು ನನ್ನ ಹಿಂದೆ ಬಂದರು.

ಗುಬ್ಬಿಯಲ್ಲಿ ಗೌರತ್ತೆ ಮಾತಿಗೆ ಮೊದಲೇ ನಮ್ಮನ್ನು ಊಟಕ್ಕೆ ಕೂರಿಸಿದರು. ಮುದ್ದೆ ಮುರಿಯುವುದಕ್ಕೆ ಮುಂಚೆಯೇ ಕೇಳಿಬಿಟ್ಟೆ, "ಅತ್ತೆ, ನನ್ನ ಮದುವೇಲಿ ಬೇರೆ ಒಲೆ ಹೂಡಿಸಿ ಅಡುಗೆ ಮಾಡ್ಸಿದ್ರೆ ನೀವು ಊಟ ಮಾಡ್ತೀರಾ?"

ಗೌರತ್ತೆ ಸೌಟು ಹಿಡಿದು ನಿಂತೇಬಿಟ್ಟರು. "ನಿಮ್ಮಕ್ಕನ ಮದ್ವೇಲೂ ಉಣ್ಣಕ್ಕೇ ಬಂದಿದ್ವಿ ಕಣೇ. ಬೆಳಿಗ್ಗೆಯಿಂದ ಒಂದು ಲೋಟ ಕಾಪಿ ಬಿಟ್ರೆ ಏನೂ ಇಲ್ಲ. ಅನ್ನ ಮೊಸರಾದ್ರೂ ಇರ್ತದೆ ಅಂದ್ಕೊಂಡಿದ್ವಿ. ನಿಮ್ಮಪ್ಪ ನೋಡಿದ್ರೆ ಬಾಗ್ಲಲ್ಲೇ ತಾಂಬೂಲ ಕೊಟ್ಬುಟ್ರು. ತಾಂಬೂಲ ಕೊಡೋದು ಉಂಡು ಹೊರಡೋರಿಗೆ ಕಣಮ್ಮಾ. ಕೈಗೆ ಕೊಟ್ಮೇಲೆ ಇನ್ನೂ ನಿಂತಿರಕ್ಕಾಯ್ತದಾ?"

"ನಾವು ಕೂರೋದು ಇವ್ರಿಗೆ ಇಷ್ಟ ಇಲ್ಲ ಅಂದ್ಕೊಂಡೆ ಕಣಮ್ಮಾ" ಎಂದರು ಮಾಮ, ಅಬ್ಬಾನ ಕಡೆ ನೋಡದೆ. "ಬಸ್ ಸ್ಟ್ಯಾಂಡಲ್ಲಿ ಬನ್ ತಿಂದ್ಕೊಂಡು ಬಂದ್ವಿ."

ಅಬ್ಬಾ ತಟ್ಟೆಯ ಮೇಲೆ ಬಗ್ಗಿ ಕೂತುಬಿಟ್ಟರು. ಅಷ್ಟು ವರ್ಷ ಇಬ್ಬರೂ ವ್ಯಾಪಾರ ಮಾಡಿದ್ದರು, ಮಳೆ ಬೆಳೆ ಮಾತಾಡಿದ್ದರು, ಇದೊಂದನ್ನು ಮಾತ್ರ ಒಬ್ಬರಿಗೊಬ್ಬರು ಹೇಳಿರಲಿಲ್ಲ. ನನಗೆ ಅಳು ನುಗ್ಗಿ ಬಂತು. ಮಾಮ ಎದ್ದು ಬಂದು ಅಬ್ಬಾನ ತಟ್ಟೆಗೆ ತಾವೇ ಸಾರು ಹಾಕಿದರು. "ಬುಡು ಮಾರಾಯ. ಮದ್ವೆ ದಿನ ಗೊತ್ಮಾಡು. ಅಡುಗೆಯವರನ್ನ ನಾನು ಕರ್ಕೊಂಡ್ ಬತ್ತೀನಿ."

ದಿನ ಗೊತ್ತಾಯಿತು, ಶಾದಿಮಹಲ್ ಸಿಕ್ಕಿತು, ಕುಣಿಗಲ್ಲಿನವರು ಸಮಾಧಾನಗೊಂಡರು. ನನ್ನ ನಿಕಾಹ್ ಆದ ಮೇಲೆ ಅಬ್ಬಾ ಗೆಳೆಯನಿಗೆ ತಾವೇ ಎಲೆ ಹಾಕಿ ಬಡಿಸಿದರು. ಮಾಮ ಅಬ್ಬಾನನ್ನು ಬೇಗ ಬಿಡಲಿಲ್ಲ. "ಇನ್ನೊಂದು ಸೌಟು ಹಾಕು, ಅವತ್ತಿನ ಹಸಿವೂ ಸೇರ್ಕೊಂಡದೆ" ಅಂದರು. ಗುಲಾಬಿ ಹೂಗಳೇನೋ ವಿಡಿಯೋದಲ್ಲಿ ತಿರುಗಿದವು. ಆದರೆ ಇಬ್ಬರು ಮುದುಕರು ಬಾಳೆಲೆಯ ಮುಂದೆ ನಗುವ ಭಾಗವನ್ನೇ ನಾನು ಮತ್ತೆ ಮತ್ತೆ ಹಾಕಿ ನೋಡಿದ್ದೇನೆ.

ಈಗ ಅಬ್ಬಾ ಇಲ್ಲ, ಮಾಮನೂ ಗೌರತ್ತೆಯೂ ಇಲ್ಲ. ಗುಬ್ಬಿಯ ಮನೆಯಲ್ಲಿ ಅವರ ಮಗ ಸೊಸೆ ಇದ್ದಾರೆ. ಫೋನಿನಲ್ಲಿ ಹಬ್ಬದ ಶುಭಾಶಯ ಕಳಿಸುವುದು ಬಿಟ್ಟರೆ ನಮ್ಮ ನಡುವೆ ಮಾತು ಕಡಿಮೆಯಾಗಿದೆ, ಎರಡು ಮತದವರು ಬೆರೆಯಲು ಹಿಂಜರಿಯುವ ಕಾಲವೂ ಬಂದಿದೆ. ಕರೆದರೆ ಬರುತ್ತಾರೋ, ಬಂದರೆ ಕೂರುತ್ತಾರೋ, ಸುಮ್ಮನೆ ಅವರನ್ನೇಕೆ ಇಕ್ಕಟ್ಟಿಗೆ ಸಿಕ್ಕಿಸುವುದು ಎನ್ನುತ್ತಾರೆ ನಮ್ಮ ಮನೆಯವರು. ಮಗಳ ಮದುವೆಗೆ ದಿನ ಗೊತ್ತಾಗಿಲ್ಲ, ಹಾಲ್ ನೋಡಿಲ್ಲ. ನಾಳೆ ಬೆಳಿಗ್ಗೆ ಮೊದಲು ಗುಬ್ಬಿಯ ಬಸ್ಸು ಹತ್ತುತ್ತೇನೆ. ಅವರ ಮನಸ್ಸಿನಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಕೇಳುತ್ತೇನೆ.