ಮಂಗಳವಾರ ಮುನಿಯುತ್ತಿದ್ದ ಕಂಪ್ಯೂಟರ್

ಪಡಸಾಲೆಯ ಮೂಲೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂತಿರುವ ಕಂಪ್ಯೂಟರ್ ನನ್ನ ಮೊಮ್ಮಕ್ಕಳಾದ ನಿಮಗಿಬ್ಬರಿಗೂ ಆಟದ ಪೆಟ್ಟಿಗೆ. ನಿಮ್ಮ ಅವ್ವನಿಗೆ ಅದು ಶಾಲೆ. ಒಂದು ಕಾಲಕ್ಕೆ ಅದು ವಾರಕ್ಕೊಮ್ಮೆ ಮುನಿಸಿಕೊಂಡು, ನಿಮ್ಮ ಅವ್ವನ ಕೆಲಸವನ್ನೇ ಕಳೆಯುವ ಹಂತಕ್ಕೆ ತಂದಿತ್ತು. ನೀವು ಸಂಜೆ ಶಾಲೆಯಿಂದ ಬರುವ ಹೊತ್ತಿಗೆ ಅದರ ಸಿಟ್ಟು ಇಳಿದಿರುತ್ತಿತ್ತು, ಹಾಗಾಗಿ ಈ ಸಂಗತಿ ನಿಮಗೆ ಪೂರ್ತಿ ಗೊತ್ತಿಲ್ಲ. ಬಾಯಲ್ಲಿ ಹೇಳಲು ಹೋದರೆ ನಾನು ನಡುವೆ ನಾಚಿ ಸುಮ್ಮನಾಗಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅವ್ವ ಈ ಮನೆಗೆ ಬರುವಾಗಲೇ ಬಿ.ಎಡ್. ಮುಗಿಸಿದ್ದಳು. ನೀವು ಹುಟ್ಟಿದಿರಿ, ಹೊಲಮನೆಯ ಕೆಲಸ ಹೆಚ್ಚಾಯಿತು, ಅವಳ ಓದು ಹಾಗೇ ಪೆಟ್ಟಿಗೆಯಲ್ಲಿ ಉಳಿಯಿತು. ಆಮೇಲೆ ಸೊಲ್ಲಾಪುರದಲ್ಲಿ ಮಕ್ಕಳ ಕ್ಲಾಸು ನಡೆಸುವ, ಎಲ್ಲರೂ ಬಾಯಿಯವರು ಎಂದು ಕರೆಯುವ ಹೆಣ್ಣುಮಗಳೊಬ್ಬರು ಫೋನು ಮಾಡಿದರು. ನಮ್ಮ ಕಡೆಯ ಆಲಮೇಲ, ಇಂಡಿ ಊರುಗಳಿಂದ ದುಡಿಯಲು ಹೋಗಿ ಅಲ್ಲೇ ನೆಲೆಸಿದ ಮನೆಗಳ ಮಕ್ಕಳು ಮರಾಠಿ ಶಾಲೆಗೆ ಹೋಗುತ್ತವೆ. ಮನೆಯಲ್ಲಿ ಕನ್ನಡ ಮಾತಾಡುತ್ತವೆ, ಆದರೆ ಓದಲು ಬರೆಯಲು ಬಾರದು. ಅವಕ್ಕೆ ಕಂಪ್ಯೂಟರಿನಲ್ಲೇ ಕನ್ನಡ ಕಲಿಸಬೇಕು. ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ ಹನ್ನೊಂದಕ್ಕೆ. ಆ ಮಕ್ಕಳ ಶಾಲೆ ಮಧ್ಯಾಹ್ನದ ಪಾಳಿಯದು.

ಆ ಫೋನು ಬಂದ ದಿನ ನಿಮ್ಮ ಅವ್ವ ಒಲೆಯ ಮುಂದೆ ಕೂತವಳು ಎದ್ದು ನಿಂತಳು, ಮತ್ತೆ ಕೂತಳು. "ಅತ್ತಿ, ನನ್ನ ಟೀಚರ್ ಅಂತ ಕರದ್ರು" ಎಂದಳು. ಅಷ್ಟೇ ಅಂದದ್ದು. ಹಂಚಿನ ಮೇಲಿನ ರೊಟ್ಟಿ ಕರಕಾದದ್ದು ಇಬ್ಬರಿಗೂ ತಿಳಿಯಲಿಲ್ಲ.

ನಿಮ್ಮಪ್ಪ ವಿಜಯಪುರದಿಂದ ಯಾರೋ ಬಳಸಿ ಬಿಟ್ಟಿದ್ದ ಕಂಪ್ಯೂಟರ್ ತಂದ. ನೆಟ್ಟಿನ ವಾಯರು ಎಳೆಸಿದ. ಕರೆಂಟು ಹೋದರೂ ನಡೆಯಲಿ ಎಂದು ಬ್ಯಾಟರಿಯ ಡಬ್ಬಿಯನ್ನೂ ಇರಿಸಿದ. ನಾನು ಹಳೇ ಇಳಕಲ್ ಸೀರೆಯ ತುಂಡುಗಳಿಂದ ಅದಕ್ಕೊಂದು ಸಣ್ಣ ಕೌದಿ ಹೊಲಿದೆ. ನಮ್ಮ ಕಡೆಯ ಧೂಳು ನಿಮಗೆ ಗೊತ್ತೇ ಇದೆ.

ನನ್ನ ತವರು ಬಸವನ ಬಾಗೇವಾಡಿ ಕಡೆಯ ಹಳ್ಳಿ. ಅಲ್ಲಿ ಸೋಮವಾರ ಬಸವಣ್ಣನ ವಾರವೆಂದು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಈ ಮನೆಯಲ್ಲೂ ನಿಮ್ಮಜ್ಜ ಅದನ್ನು ತಪ್ಪಿಸಲಿಲ್ಲ. ಬಿತ್ತುವ ಹದ ಬಂದು, ಪಕ್ಕದ ಹೊಲದವರು ಕೂರಿಗೆ ಹೂಡಿದ್ದರೂ ಸೋಮವಾರ ನಮ್ಮ ಎತ್ತುಗಳು ಮೈ ತೊಳೆಸಿಕೊಂಡು ನೆರಳಲ್ಲಿ ಮೆಲುಕು ಹಾಕುತ್ತಿದ್ದವು. ನಿಮ್ಮಜ್ಜ ತೀರಿಕೊಂಡ ಮೇಲೆ ಟ್ರ್ಯಾಕ್ಟರ್ ಬಂತು. ಸೋಮವಾರ ಅದಕ್ಕೂ ರಜೆ. ಹೀಗಿರುವಾಗ ಮನೆಗೆ ಅನ್ನ ತರುವ ಕಂಪ್ಯೂಟರಿಗೆ ಬೇಡವೇ? ಸೋಮವಾರ ಸ್ನಾನವಾದ ಮೇಲೆ ಒಣ ಬಟ್ಟೆಯಿಂದ ಅದನ್ನು ಒರೆಸಿ, ಒಂದು ಬೊಟ್ಟು ವಿಭೂತಿ ಹಚ್ಚಿ, ಬ್ಯಾಟರಿಯ ಡಬ್ಬಿಯನ್ನೂ ಗೋಡೆಯ ಸ್ವಿಚ್ಚನ್ನೂ ಪೂರ್ತಿ ಬಂದ್ ಮಾಡಿ, ಕೌದಿ ಹೊದಿಸುತ್ತಿದ್ದೆ. ಮಂಗಳವಾರ ಬೆಳಿಗ್ಗೆ ನಿಮ್ಮ ಅವ್ವ ಸ್ವಿಚ್ಚು ಹಾಕಿ ಕಂಪ್ಯೂಟರ್ ಮತ್ತೆ ಹಚ್ಚುತ್ತಿದ್ದಳು. ಮನೆಯಲ್ಲಿ ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ.

ಪಾಠ ನಡೆಯುವಾಗ ನಾನು ಅಡುಗೆ ಮನೆಯ ಬಾಗಿಲ ಹಿಂದೆ ಕೂರುತ್ತಿದ್ದೆ. ಕಾಳು ಆರಿಸುವ ನೆಪ. ನಾನು ಕಲಿತದ್ದು ಊರ ಶಾಲೆಯಲ್ಲಿ, ಅದೂ ಅರ್ಧಕ್ಕೆ ನಿಂತದ್ದು. ಆ ಮಕ್ಕಳು ಅಕ್ಷರ ಕೂಡಿಸಿ ಓದುವಾಗ ನನ್ನ ತುಟಿಯೂ ಅಲುಗುತ್ತಿತ್ತು. ಆದರೆ ಪಡಸಾಲೆಗೆ ಕಾಲಿಡುತ್ತಿರಲಿಲ್ಲ. ಆ ಕಂಪ್ಯೂಟರಿನ ಕಣ್ಣಿಗೆ ನಾನು ಬಿದ್ದರೆ ಅಷ್ಟು ಮನೆಗಳಲ್ಲಿ ಒಮ್ಮೆಲೇ ಕಾಣುತ್ತೇನೆ ಎಂಬ ಸಂಕೋಚ. ಪಾಠ ಮುಗಿಯುವ ಹೊತ್ತಿಗೆ ಚಹಾ ಇಡಬೇಕಲ್ಲ, ಅದಕ್ಕೆ ಬಾಗಿಲ ಸಂದಿಯಿಂದ ಪರದೆಯ ಮೂಲೆಯ ಗಡಿಯಾರವನ್ನು ಮಾತ್ರ ನೋಡುತ್ತಿದ್ದೆ.

ಮೊದಲು ಕೆಲವು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಮಂಗಳವಾರ ಪಾಠದ ಪುಟ ತೆರೆಯಲಿಲ್ಲ. ಅದರ ಬದಲು ಕೆಂಪು ಗುರುತಿನ ಪುಟವೊಂದು ಬಂತು. ನಿಮ್ಮ ಅವ್ವ ಒತ್ತಿದಳು, ಮುಚ್ಚಿದಳು, ಮತ್ತೆ ಒತ್ತಿದಳು. ಒಂದೆರಡು ಹಳೇ ಪುಟಗಳು ತೆರೆದವು, ಬೇಕಾದದ್ದೇ ತೆರೆಯಲಿಲ್ಲ. ಮಧ್ಯಾಹ್ನ ಊಟ ಮಾಡಿ ಬಂದು ನೋಡಿದರೆ ಏನೂ ಆಗಿಲ್ಲದಂತೆ ಎಲ್ಲ ಬರುತ್ತಿತ್ತು.

ಶುಕ್ರವಾರ ಪಾಠ ಸರಾಗ. ಮುಂದಿನ ಮಂಗಳವಾರ ಮತ್ತೆ ಅದೇ ಕೆಂಪು ಗುರುತು.

ನಿಮ್ಮಪ್ಪ ಸಿಂದಗಿಯಿಂದ ರಿಪೇರಿಯವರನ್ನು ಕರೆಸಿದ. ಒಳ್ಳೆಯ ಮನುಷ್ಯ, ಬಾಯಿ ಬಹಳ. ಬೆಳಿಗ್ಗೆ ಅಂಗಡಿ ಬಿಟ್ಟು ಬರಲಾಗದೆ ಸಂಜೆ ಬರುತ್ತಿದ್ದರು. ಬಂದು ಕೌದಿ ನೋಡಿದವರೇ ನಕ್ಕರು.

"ಅಣ್ಣಾರ, ಇದಕ್ಕೇನು ಥಂಡಿ ಹತ್ತೈತೇನ್ರಿ?"

"ನಮ್ಮವ್ವ ಹೊಲದಾಳ. ಅದರ ಸುದ್ದಿಗೆ ಹೋಗಬ್ಯಾಡ್ರಿ. ನೆಟ್ ಯಾಕ ಬರವಲ್ದು, ಅದನ್ನ ನೋಡ್ರಿ" ಎಂದ ನಿಮ್ಮಪ್ಪ.

ಅವರು ಹಚ್ಚಿದರು. ಎಲ್ಲ ಪುಟ ಸರಸರ ತೆರೆದವು. "ಬರಾಕತ್ತೈತಲ್ರಿ!" ಎಂದರು.

"ಈಗ ಬರ್ತೈತ್ರಿ. ಮುಂಜಾನೆ ಬರೂದಿಲ್ಲ" ಎಂದಳು ನಿಮ್ಮ ಅವ್ವ.

"ಮುಂಜಾನೆ ಫೋನಿನ್ಯಾಗ ಬರ್ತೈತೇನ್ರಿ ಅಕ್ಕಾರ?"

"ಹೌದ್ರಿ, ಫೋನಿನ್ಯಾಗ ಬರ್ತೈತಿ."

"ಹಂಗಾರ ಲೈನ್ ಸರಿ ಐತ್ರಿ. ವಾಯರಿಗೆ ಇಲಿ ಹಲ್ಲು ಹಚ್ಚಿರಬೇಕು" ಎಂದು ಕಂಪ್ಯೂಟರಿಗೆ ಹೋಗುವ ವಾಯರು ಬದಲಿಸಿ ಹೋದರು. ಮುಂದಿನ ಮಂಗಳವಾರ ಮತ್ತೆ ಕೆಂಪು ಗುರುತು. ಆಗ ನೆಟ್ಟಿನ ಡಬ್ಬಿಯನ್ನು ಕಿಟಕಿಯಿಂದ ತೆಗೆದು ಗೋಡೆಯ ಗೂಡಿನಲ್ಲಿ ಇಟ್ಟರು. ಆಮೇಲೆ ಕಂಪ್ಯೂಟರಿನ ಒಳಗಿನದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿದರು. ಕಡೆಗೆ ಕೌದಿಯ ಮೇಲೂ ಅನುಮಾನ ಬಂತು. ಬಿಸಿ ಹಿಡಿಯುತ್ತದೆ, ಹೊದಿಸಬೇಡಿ ಎಂದರು. ನಾನು ಕೌದಿ ಮಡಚಿ ಟ್ರಂಕಿನಲ್ಲಿಟ್ಟೆ. ಮಂಗಳವಾರದ ಮುನಿಸು ಮಾತ್ರ ಹೋಗಲಿಲ್ಲ.

ಆ ಕೆಂಪು ಗುರುತಿನ ಪುಟದಲ್ಲಿ ಏನೋ ಬರೆದಿರುತ್ತಿತ್ತು. ಯಾರೂ ಓದುತ್ತಿರಲಿಲ್ಲ. ಆ ದಿನಗಳಲ್ಲಿ ಯಂಕಂಚಿಯಲ್ಲಿ ನಮ್ಮ ಬೀಗರೊಬ್ಬರು ಫೋನಿನಲ್ಲಿ ಏನನ್ನೋ ಒತ್ತಿ ಬ್ಯಾಂಕಿನ ಹಣ ಕಳೆದುಕೊಂಡಿದ್ದರು. ಅಂದಿನಿಂದ ನಿಮ್ಮಪ್ಪನ ಅಪ್ಪಣೆ ಒಂದೇ: ಕೆಂಪು ಕಂಡರೆ ಓದಬೇಡಿ, ಒತ್ತಬೇಡಿ, ಮುಚ್ಚಿರಿ. ನಿಮ್ಮ ಅವ್ವ ಹಾವು ಕಂಡವಳಂತೆ ಮುಚ್ಚುತ್ತಿದ್ದಳು.

ಒಂದು ಮಂಗಳವಾರ ಫೋನಿನಲ್ಲೇ ಪಾಠ ಮಾಡಿದಳು. ಅಷ್ಟು ಸಣ್ಣ ಪರದೆಯಲ್ಲಿ ಬೆರಳಿನಿಂದ ಅಕ್ಷರ ಬರೆದು ತೋರಿಸಿದರೆ ಮಕ್ಕಳಿಗೆ ಏನೂ ಕಾಣಲಿಲ್ಲ. ಗದ್ದಲ ಮಾಡಿ ನಗಾಡಿದವು. ಸಂಜೆ ಬಾಯಿಯವರ ಫೋನು ಬಂತು. ನಿಮ್ಮ ಅವ್ವ ಅದನ್ನು ಸ್ಪೀಕರಿಗೆ ಹಾಕಿದ್ದಳು, ನನಗೂ ಕೇಳಿಸಿತು.

"ಟೀಚರ್, ನೀವು ಛಲೋ ಕಲಸ್ತೀರಿ, ಅದರಾಗ ಎರಡು ಮಾತಿಲ್ಲ. ಆದ್ರ ಪಾಲಕರು ಕೇಳಾಕತ್ತಾರ್ರಿ. ಮುಂದಿನ ಮಂಗಳವಾರನೂ ಹಿಂಗ ಆದ್ರ ಕ್ಲಾಸ್ ಬ್ಯಾರೆಯವರಿಗೆ ಕೊಡಬೇಕಾಗ್ತೈತಿ."

"ಆಗೂದಿಲ್ರಿ ಬಾಯಾರ. ಸರಿ ಮಾಡಸ್ತೇನಿ" ಎಂದಳು. ಫೋನು ಇಟ್ಟ ಮೇಲೆ ಅಂಗಳಕ್ಕೆ ಹೋಗಿ, ಒಣಗದ ಬಟ್ಟೆಗಳನ್ನೇ ಹಗ್ಗದಿಂದ ತೆಗೆಯತೊಡಗಿದಳು. ನಾನು ಹಿಂದೆ ಹೋಗಿ ಅವನ್ನೇ ಮತ್ತೆ ಒಣ ಹಾಕಿದೆ.

ನನ್ನ ಮನಸ್ಸಿನಲ್ಲಿ ಒಂದು ಮಾತು ಕೊರೆಯುತ್ತಿತ್ತು. ಬಾಗಿಲ ಸಂದಿಯಿಂದ ನೋಡುತ್ತಿದ್ದೆನಲ್ಲ, ಮಂಗಳವಾರ ಆ ಮೂಲೆಯ ಗಡಿಯಾರ ಗೋಡೆಯ ಗಡಿಯಾರಕ್ಕೆ ಹೊಂದುತ್ತಲೇ ಇರಲಿಲ್ಲ. ಇಲ್ಲಿ ಹನ್ನೊಂದಾದರೆ ಅಲ್ಲಿ ನಸುಕು. ಒಮ್ಮೆ ಇವರಿಬ್ಬರೂ ಫೋನು ಹಿಡಿದು ಅಂಗಳಕ್ಕೆ ಹೋದಾಗ ನಾನು ಹತ್ತಿರ ಹೋಗಿ ಕನ್ನಡಕ ಏರಿಸಿ ನೋಡಿದ್ದೆ. ಗಡಿಯಾರದ ಕೆಳಗೆ ತಾರೀಖು ಇತ್ತು, ಇಸವಿಯೂ ಇತ್ತು. ನಿಮ್ಮ ಅಪ್ಪ ಅವ್ವನ ಲಗ್ನವಾದ ಇಸವಿ. ನಿಮ್ಮಜ್ಜ ಹೊಸ ರುಮಾಲು ಸುತ್ತಿಕೊಂಡು ಚಪ್ಪರದಲ್ಲಿ ಓಡಾಡಿದ ಇಸವಿ. ನಾನು ಆ ಅಂಕಿಗಳನ್ನು ಸ್ವಲ್ಪ ಹೊತ್ತು ನೋಡುತ್ತಲೇ ನಿಂತಿದ್ದೆ. ಕಂಪ್ಯೂಟರಿನಲ್ಲಿ ಅದೇನೋ ಬೇರೆ ಲೆಕ್ಕ ಇರಬೇಕು ಅಂದುಕೊಂಡೆ. ಕಲಿತವರ ಮುಂದೆ ಹೇಳಿ ನಗೆಪಾಟಲಾಗುವುದು ಯಾಕೆ ಎಂದು ಬಾಯಿ ಬಿಡಲಿಲ್ಲ.

ಆ ಮಂಗಳವಾರ ಬಂತು. ನಿಮ್ಮ ಅವ್ವ ಬೇಗ ಎದ್ದು, ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದಳು. ಹನ್ನೊಂದಕ್ಕೆ ಇನ್ನೂ ಹೊತ್ತಿರುವಾಗಲೇ ಕಂಪ್ಯೂಟರ್ ಹಚ್ಚಿದಳು. ಕೆಂಪು ಗುರುತು. ನಿಮ್ಮಪ್ಪ ಹೊಲದ ಕೆಲಸ ಬಿಟ್ಟು ಮನೆಯಲ್ಲೇ ಇದ್ದ. ರಿಪೇರಿಯವರಿಗೆ ಫೋನು ಹಚ್ಚಿದ.

"ವಾಯರ್ ಕಿತ್ತು ಮತ್ತ ಹಾಕ್ರಿ ಅಣ್ಣಾರ."

"ಹಾಕೇನ್ರೀ!"

"ಡಬ್ಬಿ ಬಂದ್ ಮಾಡಿ ಹಚ್ರಿ."

"ಅದೂ ಆತ್ರಿ!"

"ಹಂಗಾರ ಹೊಸಾದು ತಗೊಳ್ಳೂದೇ ಛಲೋರಿ."

ನಿಮ್ಮ ಅವ್ವ ಕುರ್ಚಿಯಲ್ಲಿ ಕೂತಿದ್ದಳು. ಅಳಲಿಲ್ಲ. ಬರೆಯಲೆಂದು ಇಟ್ಟುಕೊಂಡಿದ್ದ ಹಲಗೆಯ ಸುಣ್ಣದ ಕಡ್ಡಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದಳು. ಇನ್ನು ತೆಗೆಯುವುದಿಲ್ಲ ಎನ್ನುವ ಹಾಗೆ ಜೋಡಿಸಿ ಹಾಕುತ್ತಿದ್ದಳು. ಅದನ್ನು ನನಗೆ ನೋಡಲಾಗಲಿಲ್ಲ. ಕಾಳಿನ ಮೊರ ಕೆಳಗಿಟ್ಟು ಪಡಸಾಲೆಗೆ ನಡೆದುಬಿಟ್ಟೆ.

"ತಂಗೀ, ಆ ಗಡಿಯಾರ ಹಂಗ್ಯಾಕ ಐತಿ?"

"ಯಾವ ಗಡಿಯಾರ್ರಿ ಅತ್ತಿ?"

"ಮೂಲ್ಯಾಗಿಂದು. ನಿನ್ನ ಲಗ್ನದ ವರ್ಷ ತೋರಸಾಕತ್ತೈತಿ ನೋಡು."

ನಿಮ್ಮಪ್ಪ ಸಿಡುಕಿದ. "ಯವ್ವಾ, ಈಗ ಗಡಿಯಾರದ ಚಿಂತಿ ಯಾಕಬೇ ನಿನಗ?"

ಫೋನಿನೊಳಗಿನಿಂದ ರಿಪೇರಿಯವರು ಕೂಗಿದರು. "ಅಣ್ಣಾರ, ತಡೀರಿ! ಅಮ್ಮಾರು ಏನಂದ್ರು? ಯಾವ ವರ್ಷ ಅಂದ್ರು?"

ನಿಮ್ಮ ಅವ್ವ ಓದಿ ಹೇಳಿದಳು. ಆಚೆ ಕಡೆ ಅವರು ಹಣೆ ಬಡಿದುಕೊಂಡ ಸದ್ದು ನಮಗೂ ಕೇಳಿಸಿತು.

"ಅಕ್ಕಾರ, ಮದಲ ಇವತ್ತಿನ ತಾರೀಖು ಟೈಮ್ ಹಾಕ್ರಿ. ಆ ಗಡಿಯಾರದ ಮ್ಯಾಲೆ ಬಲಗಡೆ ಒತ್ರಿ."

ಅವಳು ಅವಸರದಲ್ಲಿ ತಿಂಗಳು ತಪ್ಪು ಹಾಕಿದಳು, ತಿದ್ದಿದಳು. ಆಮೇಲೆ ಪಾಠದ ಪುಟ ಒತ್ತಿದಳು. ತೆರೆಯಿತು! ಒಂದೊಂದಾಗಿ ಚೌಕಗಳಲ್ಲಿ ಮಕ್ಕಳ ಮುಖ ಮೂಡಿದವು, ಎಣ್ಣೆ ಹಚ್ಚಿ ತಲೆ ಬಾಚಿದ ಮುಖಗಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಆಗಷ್ಟೇ ದಾಟಿತ್ತು.

"ಟೀಚರ್, ನಿಮ್ಮ ಹಿಂದ ಯಾರೋ ಅಜ್ಜಿ ನಿಂತಾರ!" ಎಂದು ಒಂದು ಹುಡುಗಿ ಕಿರುಚಿದಳು.

ನಾನು ಅಲ್ಲೇ, ಆ ಕಣ್ಣಿನ ಎದುರಿಗೇ ನಿಂತಿದ್ದೆ. ಸೆರಗು ಮುಖಕ್ಕೆ ಎಳೆದುಕೊಂಡು ಹಿಂದೆ ಸರಿದವಳು ಮೊರಕ್ಕೆ ಎಡವಿದೆ. ಕಡಲೆ ಮನೆ ತುಂಬ ಹರಡಿತು. ಅಷ್ಟೂ ಮನೆಗಳಲ್ಲಿ ಮಕ್ಕಳು ನಕ್ಕವು. ನಿಮ್ಮ ಅವ್ವ ಹಿಂತಿರುಗಿ ನೋಡಿ ತಾನೂ ನಕ್ಕು, "ಅವರು ನಮ್ಮತ್ತಿ. ಇವತ್ತ ಅವರಿಂದನ ನಮ್ಮ ಕ್ಲಾಸ್ ನಡದೈತಿ. ಎಲ್ಲಾರೂ ಶರಣ್ರೀ ಅನ್ರಿ" ಎಂದಳು. ಅವೆಲ್ಲ ಒಟ್ಟಿಗೆ ಶರಣ್ರೀ ಅಂದವು. ನಾನು ಬಾಗಿಲ ಹಿಂದಿನಿಂದಲೇ ಕೈ ಮುಗಿದೆ. ಅವಕ್ಕೆ ಕಾಣಲಿಲ್ಲ, ಆದರೂ ಮುಗಿದೆ.

ಸಂಜೆ ರಿಪೇರಿಯವರು ಬಂದರು. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ರೂಪಾಯಿ ಬಿಲ್ಲೆಯಂಥ ಒಂದು ಸೆಲ್ ತೆಗೆದು ಹೊಸದನ್ನು ಹಾಕಿ, ಹಳೆಯದನ್ನು ಅಂಗೈ ಮೇಲೆ ಇಟ್ಟು ತೋರಿಸಿದರು.

"ಇದು ಸತ್ತೈತ್ರಿ. ಗೋಡಿ ಕರೆಂಟ್ ಇರೂ ತನಕಾ ಒಳಗಿನ ಗಡಿಯಾರ ನಡೀತೈತಿ. ಪೂರ್ತಿ ತಗದ್ರ ಈ ಸೆಲ್ ನಡಸಬೇಕು. ಇದು ಸತ್ತಿದ್ದಕ್ಕ ಗಡಿಯಾರ ಹಳೇ ವರ್ಷಕ್ಕ ಹೋಗಿ ಕುಂದರ್ತೈತಿ. ಒಂದಿಷ್ಟು ಹೊತ್ತು ಬಿಟ್ಟು ನೆಟ್ಟಿಂದ ತಾನ ಸರಿ ಮಾಡ್ಕೋತೈತಿ. ನಾ ಸಂಜಿಕ ಬಂದಾಗ ಎಲ್ಲಾ ಸರಿ!"

"ತಾರೀಖು ತಪ್ಪಿದ್ರ ಪುಟ ಯಾಕ ತೆರಿಬಾರದ್ರಿ?" ಎಂದು ನಿಮ್ಮ ಅವ್ವ ಕೇಳಿದಳು.

"ಬಸ್ ಪಾಸ್ ಇದ್ದಂಗ್ರಿ ಅಕ್ಕಾರ. ಒಂದೊಂದು ಪುಟಕ್ಕೂ ಒಂದು ಪಾಸ್ ಇರ್ತೈತಿ, ಇಷ್ಟರಿಂದ ಇಷ್ಟರ ತನಕಾ ಅಂತ. ಕಂಡಕ್ಟರನ ಕ್ಯಾಲೆಂಡರ್ ಹಿಂದಿಂದು ಇದ್ರ, ಈ ಪಾಸ್ ಇನ್ನೂ ಶುರುನ ಆಗಿಲ್ಲ, ಇಳೀರಿ ಅಂತಾನ. ಗಡಿಯಾರ ತಪ್ಪೈತಿ ಅಂತ ಆ ಕೆಂಪು ಪುಟದಾಗ ಬರದಿರ್ತೈತ್ರಿ." ಆಮೇಲೆ ಕೇಳಿದರು, "ಆದ್ರ ಮಂಗಳವಾರನ ಯಾಕ್ರಿ? ಸೋಮವಾರ ಯಾರರ ಪೂರ್ತಿ ಬಂದ್ ಮಾಡ್ತಾರೇನು?"

ಮನೆಯವರೆಲ್ಲ ನನ್ನ ಕಡೆ ನೋಡಿದರು. ನಿಮ್ಮಪ್ಪ ಹೊಟ್ಟೆ ಹಿಡಿದು ನಕ್ಕ. "ಯವ್ವಾ, ಎತ್ತಿಗೆ ಬಿಟ್ಟಂಗ ಇದಕ್ಕೂ ಸೋಮವಾರ ಬಿಟ್ಟಿ! ಮೇವು ಹಾಕೂದೊಂದು ಬಾಕಿ ಇತ್ತು ನೋಡು!"

"ಇನ್ನ ಬಂದ್ ಮಾಡೂದಿಲ್ಲಪ್ಪ" ಎಂದೆ, ನೆಲ ನೋಡುತ್ತ.

"ಯಾಕ ಮಾಡಬಾರದ್ರಿ ಅತ್ತಿ?" ನಿಮ್ಮ ಅವ್ವ ಅಂದಳು. "ಹೊಸಾ ಸೆಲ್ ಹಾಕ್ಯಾರಲ್ಲ. ಮಾವಾರು ಇದ್ದಿದ್ರ ಅವರೂ ಇದಕ್ಕ ಸೋಮವಾರ ಬಿಡ್ತಿದ್ರು. ಮಾಡ್ರಿ." ಎಂದವಳು ಟ್ರಂಕು ತೆಗೆದು ಕೌದಿಯನ್ನು ನನ್ನ ಕೈಗೆ ಕೊಟ್ಟಳು. "ಬಂದ್ ಇದ್ದಾಗ ಹೊದಿಸಿದ್ರ ಏನೂ ಆಗೂದಿಲ್ಲ, ಹೌದಲ್ರಿ?" ಎಂದು ರಿಪೇರಿಯವರನ್ನು ಕೇಳಿದಳು. ಅವರು ಹೌದೆಂದು ತಲೆಯಾಡಿಸಿದರು.

ಅವಳ ಪಾಠ ಉಳಿಯಿತು. ಈಗ ಮುದ್ದೇಬಿಹಾಳದಿಂದ ಪುಣೆಗೆ ಹೋದ ಮನೆಗಳ ಮಕ್ಕಳೂ ಸೇರಿದ್ದಾರೆ. ಸೋಮವಾರ ಕಂಪ್ಯೂಟರ್ ಎಂದಿನಂತೆ ವಿಭೂತಿ ಹಚ್ಚಿಸಿಕೊಂಡು, ಕೌದಿ ಹೊದ್ದು ಮಲಗುತ್ತದೆ. ಆ ಹಳೇ ಇಸವಿ ಮತ್ತೆ ಮೂಲೆಯಲ್ಲಿ ಕಾಣಲಿಲ್ಲ. ಕಾಣಬಾರದು, ಗೊತ್ತು. ಆದರೂ ಒಂದೊಂದು ಸಲ ಕೌದಿ ತೆಗೆಯುವಾಗ ಆ ಅಂಕಿಗಳು ನೆನಪಾಗುತ್ತವೆ.

ಮಂಗಳವಾರ ನೀವು ಶಾಲೆಗೆ ಹೋದ ಮೇಲೆ ನಿಮ್ಮ ಅವ್ವ ಕಂಪ್ಯೂಟರ್ ಹಚ್ಚಿ, ತಾನೇ ನೋಡಬಹುದಾದರೂ ನನ್ನನ್ನು ಕೂಗುತ್ತಾಳೆ: "ಅತ್ತೀ, ವರ್ಷ ಯಾವುದೈತಿ ನೋಡಿ ಹೇಳ್ರಿ."

ನಾನು ಸೆರಗು ಸರಿ ಮಾಡಿಕೊಂಡು ಪಡಸಾಲೆಗೆ ಹೋಗಿ, ಕನ್ನಡಕ ಏರಿಸಿ ನೋಡುತ್ತೇನೆ. "ಈ ವರ್ಷಾನ ಐತಿ. ಶುರು ಮಾಡು" ಅನ್ನುತ್ತೇನೆ.