ಕೆಂಪಾದ ಇಕ್ಕಳ

"ಯಾಕೆ" ಅನ್ನುವುದು ನನ್ನ ಹುಟ್ಟುಗುಣ. ಮದುವೆಯ ದಿನವೇ ಮುಸುಕಿನೊಳಗಿಂದ ಏನೋ ಕೇಳಿ ಅತ್ತೆಯ ಕೈಲಿ ಬೈಸಿಕೊಂಡವಳು ನಾನು. ಐವತ್ತು ತುಂಬಿದ ಮೇಲೆ ಬೆಳ್ಳಿ ಕೆಲಸ ಕಲಿಯಲು ಹೋದಾಗಲೂ ಆ ಚಟ ಬಿಡಲಿಲ್ಲ.

ಇಸ್ಸಿಕ್‌ಕುಲ್ ಸರೋವರದ ದಂಡೆಯ ನಮ್ಮ ಹಳ್ಳಿಯಲ್ಲಿ ಪಾಠ ಹೇಳುತ್ತಿದ್ದವರು ಸಗಿನಾಲಿ ಉಸ್ತಾದರು. ಹರೆಯದಲ್ಲಿ ನಗರದ ಕಾರ್ಖಾನೆಯಲ್ಲಿ ಓಲೆಗಳಿಗೆ ಚಿನ್ನ ಬೆರೆಸಿದ ಪಾದರಸ ಹಚ್ಚಿ, ಕಾಯಿಸಿ ಚಿನ್ನದ ಲೇಪ ಕೊಡುತ್ತಿದ್ದರಂತೆ. ಆ ಹೊಗೆ ಕುಡಿದು ಅವರ ಗುರುವಿನ ಕೈ ಎಷ್ಟು ನಡುಗುತ್ತಿತ್ತೆಂದರೆ, ಕೊನೆಗೆ ಚಹಾದ ಬಟ್ಟಲು ಹಿಡಿಯಲೂ ಆಗಲಿಲ್ಲ. ಅಂದಿನಿಂದ ಉಸ್ತಾದರಿಗೆ ವಿಷದ ಸಹವಾಸವೇ ಬೇಡ. ಮುರಿದ ಓಲೆ, ಹಳೆಯ ನಾಣ್ಯ ಕರಗಿಸಿದ ಬೆಳ್ಳಿಯೇ ಬೇಕು. ಕಾಯಿಸಿ ಕಪ್ಪಾದ ಬೆಳ್ಳಿ ತೊಳೆಯಲು ಆಸಿಡ್ ಅಲ್ಲ, ಪಕ್ಕದ ಮನೆಯ ಜೂರಕಾನ್ ಅಜ್ಜಿ ಮಾಡಿಕೊಡುವ ಸೇಬಿನ ವಿನೆಗರ್. ಪಂಚಾಯ್ತಿ ಬಿಟ್ಟುಕೊಟ್ಟಿದ್ದ ಊರಿನ ಹಳೆಯ ಸ್ನಾನದ ಮನೆಯಲ್ಲಿ ನಾವು ಎಂಟು ಹೆಂಗಸರು ಕಲಿಯುತ್ತಿದ್ದೆವು. "ನಮ್ಮಲ್ಲಿ ತೊಟ್ಟು ವಿಷ ಇಲ್ಲ" ಎಂದು ಉಸ್ತಾದರು ಬಂದವರಿಗೆಲ್ಲ ಹೇಳಿ ಬೀಗುವರು.

ಒಂದು ದಿನ ನಾನು ಮರೆತು ಕಬ್ಬಿಣದ ಇಕ್ಕಳವನ್ನು ಆ ವಿನೆಗರ್‌ಗೆ ಅದ್ದಿಬಿಟ್ಟೆ.

"ಅಯ್ಯೋ ಬುರ್ಮಾಕಾನ್! ಮರದ ಇಕ್ಕಳ, ಮರದ್ದು ಅಂತ ಎಷ್ಟು ಸಲ ಬಡ್ಕೊಂಡಿದೀನಿ! ಕಬ್ಬಿಣ ಬಿದ್ರೆ ಬೆಳ್ಳಿ ಕೆಂಪಾಗತ್ತೆ!"

ಸುಮ್ಮನಿರಬೇಕಿತ್ತು. "ಆ ಕೆಂಪು ಎಲ್ಲಿಂದ ಬರತ್ತೆ ಉಸ್ತಾದ್?" ಎಂದೆ.

"ಎಲ್ಲಿಂದ ಅಂದ್ರೆ? ನಮ್ಮ ಗುರುಗಳು ಹೇಳಿದ್ರು, ನಾನು ಹೇಳ್ತಿದೀನಿ. ತಲೆ ತಿನ್ಬೇಡ."

ಬೈದರೂ ಇಕ್ಕಳದ ತುದಿಯನ್ನು ಬೆಳಕಿಗೆ ಹಿಡಿದರು. ತಾಮ್ರದ ಬಣ್ಣ. ಬೆಳ್ಳಿ ಗಟ್ಟಿಯಾಗಲೆಂದು ನಾವೇ ಬೆರೆಸುವ ತಾಮ್ರ ವಿನೆಗರ್‌ನಲ್ಲಿ ಕರಗಿ ಕೂತಿತ್ತು. ಅವರ ಮುಖ ಕಪ್ಪಿಟ್ಟಿತು. ನೀಲಿಗೆ ತಿರುಗಿದ ಹಳೆಯ ವಿನೆಗರನ್ನು ಏಳು ವರ್ಷದಿಂದ ಹಿತ್ತಲ ಕಾಲುವೆಗೆ ಸುರಿಯುತ್ತಿದ್ದೆವು. ಆ ಕಾಲುವೆ ಹೋಗುವುದು ಜೂರಕಾನ್ ಅಜ್ಜಿಯ ಏಪ್ರಿಕಾಟ್ ಮರಗಳ ಬುಡಕ್ಕೆ. ತಾಮ್ರ ಬೇರಿಗೆ ವಿಷ; ಎರಡು ವರ್ಷದಿಂದ ಅವು ಒಣಗುತ್ತಿದ್ದವು. ಪಾಪ, ಅಜ್ಜಿ ಹುಳುಗಳಿಗೆ ಶಾಪ ಹಾಕುತ್ತಿದ್ದಳು.

"ಶುಕ್ರವಾರ ಪಂಚಾಯ್ತಿಯವರು ಬರ್ತಾರೆ. ಈ ಜಾಗ ಇನ್ನೈದು ವರ್ಷಕ್ಕೆ ಸಿಗ್ಲಿ, ಆಮೇಲೆ ಅಜ್ಜಿಗೆ ಹೇಳಿದ್ರಾಯ್ತು" ಎಂದೆ. ನಾಚಿಕೆಯಿಲ್ಲದೆ ಎಂದೆ.

"ಬಾಯಿ ಬಿಡಿಸಿದವಳೂ ನೀನೇ, ಮುಚ್ಚಿಸೋಳೂ ನೀನೇನಾ?" ಎಂದು ಎದ್ದು ಅಜ್ಜಿಯ ಮನೆಗೆ ಹೊರಟೇಬಿಟ್ಟರು. ನಾನೂ ಹಿಂದೆಯೇ ಓಡಿದೆ.

ಎಲ್ಲ ಕೇಳಿ ಅಜ್ಜಿ ಒಣಗಿದ ಮರಗಳತ್ತ ತಿರುಗಿದಳು. "ನನ್ನ ವಿನೆಗರ್‌ನಿಂದಾನಾ?"

"ವಿನೆಗರ್ ನಿಮ್ದು ಅಕ್ಕಾ. ವಿಷ ನಂದು" ಎಂದರು ಉಸ್ತಾದರು.

"ಮರ ಮತ್ತೆ ಚಿಗುರತ್ತಾ?"

"ಗೊತ್ತಿಲ್ಲ."

ಅಜ್ಜಿ ಬಾಗಿಲು ಹಾಕಿಕೊಂಡಳು.

ಶುಕ್ರವಾರ ಪಂಚಾಯ್ತಿಯವರಿಗೂ ಉಸ್ತಾದರು ಒಂದಕ್ಷರ ಬಿಡದೆ ಹೇಳಿದರು. ವಿನೆಗರ್‌ಗೆ ಹಳೆಯ ಕಬ್ಬಿಣದ ಮೊಳೆ ಹಾಕಿಟ್ಟರೆ ತಾಮ್ರ ಮೊಳೆಗೇ ಕೂರುತ್ತದೆ, ಉಳಿದ ಹುಳಿಯನ್ನು ಬೂದಿ ಮುರಿಯುತ್ತದೆ ಎಂದು ಮಾಡಿಯೂ ತೋರಿಸಿದರು. ಯಾರು ಕೇಳಬೇಕು? ಸ್ನಾನದ ಮನೆಗೆ ಬೀಗ ಬಿತ್ತು. ಎಲ್ಲ ನನ್ನ ಈ ಹಾಳು ನಾಲಿಗೆಯಿಂದ ಅನ್ನಿಸಿತು.

ಮರುದಿನ ಉಸ್ತಾದರ ಜೊತೆ ಸಾಮಾನು ಕಟ್ಟಲು ಹೋಗಿದ್ದೆ. ಅಂಗಳದಲ್ಲಿ ಅಜ್ಜಿ ಬಂದು ನಿಂತಿದ್ದಳು.

"ಇನ್ನೆಲ್ಲಿ ಕಲಿಸ್ತೀಯ?"

"ಎಲ್ಲೂ ಇಲ್ಲ ಅಕ್ಕಾ."

"ನಮ್ಮ ಕೊಟ್ಟಿಗೆ ಖಾಲಿ ಬಿದ್ದಿದೆ."

ಉಸ್ತಾದರ ಕಣ್ಣು ತುಂಬಿತು. "ನನ್ನ ಕ್ಷಮಿಸಿದ್ರಾ?"

"ಯಾರು ಹೇಳಿದ್ದು? ನಿನ್ನ ಕಂಡ್ರೆ ಮೈ ಉರಿಯತ್ತೆ. ಇನ್ನೊಬ್ಬರ ಕಾಲುವೆ ಹಾಳು ಮಾಡೋದಕ್ಕಿಂತ ನನ್ನ ಕಣ್ಣ ಮುಂದೆ ಬಿದ್ದಿರು." ಅಜ್ಜಿ ನಮ್ಮಿಬ್ಬರನ್ನೂ ದುರುಗುಟ್ಟಿಕೊಂಡು ನೋಡಿದಳು. "ಆದ್ರೆ ಹೊಸಬರು ಯಾರೇ ಬರ್ಲಿ, ಮೊದಲನೇ ದಿನದ ಪಾಠ ನಂದು, ಆ ಒಣಗಿದ ಮರಗಳ ಬುಡದಲ್ಲಿ."