ಭುಜ ಕಳಚಿಕೊಂಡು ಬನ್ನಿ

ಜಪಾನಿಗೆ ಹೋದ ಮೊದಲ ದಿನ ಬಚ್ಚಲಿನ ತೊಟ್ಟಿ ನನ್ನ ಜೊತೆ ಮಾತಾಡಿತು. ಹೆಂಗಸಿನ ದನಿ. ಒಳಗೆ ಯಾರೋ ಇದ್ದಾರೆಂದು ಸೀರೆ ಸುತ್ತಿಕೊಂಡು ಓಡಿಬಂದೆ. ಅದು ಒಫುರೋ, ಅಲ್ಲಿನ ಸ್ನಾನದ ತೊಟ್ಟಿ. ನೀರು ಕಾದಿದೆ ಎಂದು ಹೇಳಿತಂತೆ. ದಾವಣಗೆರೆಯ ನಮ್ಮ ಹಂಡೆ ಎಂದೂ ಬಾಯಿ ಬಿಟ್ಟದ್ದಿಲ್ಲ. ಕೈ ಅದ್ದಿಯೇ ನೋಡಬೇಕು.

ಮೂರು ತಿಂಗಳಿಗೆಂದು ನಿಶಿ ಕಸಾಯಿ ಎಂಬ ಬಡಾವಣೆಯ ಮಗಳ ಮನೆಗೆ ಹೋದವಳು, ಕೊರೊನಾ ಬಂದು ಎರಡು ವರ್ಷ ಉಳಿದೆ. ಮೊಮ್ಮಗಳು ಮೇಘಾಳಿಗೆ ಶಾಲೆಯ ಕೊನೆಯ ವರ್ಷ. ಅಮೆರಿಕದ ಒಂದು ಕಾಲೇಜಿನ ಮೇಲೆಯೇ ಅವಳ ಜೀವ. ಅಲ್ಲಿ ಬರೀ ಮಾರ್ಕ್ಸ್ ಸಾಲದಂತೆ. ಕೊನೆಯ ವರ್ಷ ಎಷ್ಟು ಕಷ್ಟದ ವಿಷಯ ಓದಿದ್ದಾಳೆ, ಓದಿನಾಚೆ ಏನು ಮಾಡಿದ್ದಾಳೆ, ಅದನ್ನೂ ನೋಡುತ್ತಾರಂತೆ. ಮೂರನೇ ಕ್ಲಾಸಿಗೇ ಮಂಡಕ್ಕಿ ಭಟ್ಟಿ ಸೇರಿದ ನನಗೆ ಇದೆಲ್ಲ ಹೊಸದು.

"ಫಿಸಿಕ್ಸ್ ಬಿಟ್ಟು ಈಸಿ ಸಬ್ಜೆಕ್ಟ್ ತಗೊಳ್ಳೇ," ಎಂದಳು ಮಗಳು.

"ಲಾಸ್ಟ್ ಇಯರ್ ಈಸಿ ತಗೊಂಡ್ರೆ ಅವ್ರಿಗೆ ಗೊತ್ತಾಗುತ್ತೆ ಅಮ್ಮಾ. ಅದು ಬಿಡಲ್ಲ. ಆದ್ರೆ ಆಕ್ಟಿವಿಟೀಸ್? ಕ್ಲಬ್ ಎಲ್ಲಾ ಕ್ಲೋಸ್. ಆ ಪೇಜ್ ಖಾಲಿ."

ಅದೇ ಹೊತ್ತಿಗೆ ಲಸಿಕೆಯ ಕಾಗದ ಬಂತು, ಪೂರಾ ಜಪಾನಿಯಲ್ಲಿ. ಮೇಘಾ ಓದಿ ಹೇಳಿದಳು. ನಾನು ಸುಮ್ಮನಿರದೆ, ನನ್ನ ಹಾಗೇ ಮಕ್ಕಳ ಮನೆಯಲ್ಲಿ ಸಿಕ್ಕಿಕೊಂಡಿದ್ದ ಕನ್ನಡದ ಮುದುಕಿಯರಿಗೆಲ್ಲ ಅವಳ ನಂಬರ್ ಕೊಟ್ಟೆ. ಕಾಗದದಲ್ಲಿ ಏನಿದೆ ಎಂದು ಕೇಳಲು ದಿನಾ ಸಂಜೆ ಫೋನು. ಅವಳ ಕನ್ನಡವೋ ದೇವರಿಗೇ ಪ್ರೀತಿ. ಸೂಜಿಗೆ ರವಿಕೆಯ ತೋಳು ಸಡಿಲ ಇರಲಿ ಎನ್ನಲು ಹೋಗಿ, "ಅಜ್ಜಿ, ಭುಜ ಕಳಚ್ಕೊಂಡು ಬನ್ನಿ," ಎಂದುಬಿಟ್ಟಳು.

"ಕಳಚಿದ್ರ ವಾಪಸ್ ಯಾರು ಜೋಡಸ್ತಾರವ್ವಾ?" ಎಂದರು ಆ ಕಡೆಯ ಹುಬ್ಬಳ್ಳಿ ಅಜ್ಜಿ.

"ಸುಮಿಮಾಸೆನ್, ಸುಮಿಮಾಸೆನ್," ಕ್ಷಮಿಸಿ ಎನ್ನುತ್ತಾ ನನ್ನ ಹುಡುಗಿ ಫೋನಿಗೇ ತಲೆಬಾಗಿದಳು. ನಾನು ನಕ್ಕು ನಕ್ಕು ಸುಸ್ತಾದೆ. ಅವಳ ರಟ್ಟೆ ಹಿಡಿದು, "ಇದಕ್ಕೆ ರಟ್ಟೆ ಅಂತಾರೆ ಕಣೇ," ಎಂದು ಕಲಿಸಿದೆ.

"ಈ ಫೋನಿನ ಕೆಲ್ಸಾನೇ ಬರಿ ಆ ಪೇಜಿಗೆ," ಎಂದೆ.

"ಇದು ಆಕ್ಟಿವಿಟಿನಾ ಅಜ್ಜಿ?"

"ಅಷ್ಟು ಮುದುಕೇರ ಮಾತು ಕೇಳೋದು ಹುಡುಗಾಟ ಅನ್ಕಂಡಿಯೇನು?"

ಬರೆದಳು, ಭುಜದ ಕಥೆ ಸಮೇತ. ಫಿಸಿಕ್ಸನ್ನೂ ಬಿಡಲಿಲ್ಲ. ಸೀಟು ಬಂತು. ಕಾಲೇಜಿನ ಕಾಗದದ ಕೊನೆಗೆ ಯಾರೋ ಒಂದು ಸಾಲು ಸೇರಿಸಿದ್ದರು: ಆ ಅಜ್ಜಿಯ ಭುಜ ಸ್ವಸ್ಥಾನಕ್ಕೆ ಬಂದಿದೆಯೆಂದು ನಂಬಿದ್ದೇವೆ. ಆ ದಿನ ನಾನು ಮನೆಮಂದಿಗೆಲ್ಲ ಒಗ್ಗರಣೆ ಮಂಡಕ್ಕಿ ಮಾಡಿ, ಪಕ್ಕದ ಮನೆಯ ಜಪಾನಿ ಅಮ್ಮನಿಗೂ ಒಂದು ಬಟ್ಟಲು ಕೊಟ್ಟೆ.

ವಿಮಾನ ಶುರುವಾದ ಮೇಲೆ ಅವಳು ಅತ್ತ ಅಮೆರಿಕಕ್ಕೆ, ನಾನು ಇತ್ತ ದಾವಣಗೆರೆಗೆ. ಮೊನ್ನೆ ಹಾಸ್ಟೆಲಿನಿಂದ ಫೋನ್ ಮಾಡಿದಳು.

"ಅಜ್ಜಿ, ಬುಕ್ಸ್ ಹೊತ್ತು ಹೊತ್ತು ರಟ್ಟೆ ನೋವು."

ಎಷ್ಟು ಸರಿಯಾಗಿ ಹೇಳಿದಳು. "ಅರಿಗಾತೋ," ಥ್ಯಾಂಕ್ಸ್ ಎನ್ನುತ್ತಾ ನಾನು ಫೋನಿಗೆ ತಲೆಬಾಗಿದೆ. ಹಂಡೆಯ ನೀರು ಆಗಲೇ ಕುದಿಯುತ್ತಿತ್ತು. ಕಾದಿದೆ ಎಂದು ಯಾರಾದರೂ ಹೇಳುತ್ತಾರೆಂದು ನಾನು ಕಾಯುತ್ತಾ ಕೂತಿದ್ದೆ.